ಪಾಲಿಕೆಯಲ್ಲಿ ಯಾರ ಕುರ್ಚಿ ಯಾರ ಕೈಯಲ್ಲಿ? ಬಳ್ಳಾರಿ ಕಡೆಯವರಿಗೆ ಒಂದು ಕೈಪಿಡಿ

ಪಾಲಿಕೆ ಆಫೀಸಿಗೆ ಹೋದವರು ಮೊದಲು ಕೇಳೋದು "ಸಾಹೇಬ್ರು ಇದ್ದಾರಾ?" ಅಂತ. ಯಾವ ಸಾಹೇಬ್ರು ಅಂತ ಬಾಗಿಲಲ್ಲಿ ನಿಂತವರು ತಿರುಗಿ ಕೇಳಿದರೆ ಅಲ್ಲಿಗೆ ಮಾತು ನಿಂತಿತು. ಕಮಿಷನರ್ ಬೇಕಾ, ಕಂದಾಯದವರಾ, ಇಂಜಿನಿಯರ್ರಾ, ಹೆಲ್ತ್ ಇನ್‌ಸ್ಪೆಕ್ಟರ್ರಾ? ಗೊತ್ತಿಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ಅವರು ಮತ್ತೊಬ್ಬರ ಕಡೆ. ಮಧ್ಯಾಹ್ನದ ಊಟದ ಹೊತ್ತಾಗುತ್ತದೆ, ನೀವು ಮನೆಗೆ ಬರುತ್ತೀರಿ.

ಇದಕ್ಕೆ ನನಗೆ ಗೊತ್ತಿರೋ ಮದ್ದು ಒಂದೇ. ಎದುರಿಗೆ ಕೂತವರ ಹುದ್ದೆ ಏನು ಅನ್ನೋದಷ್ಟೇ ಸಾಲದು. ಅವರನ್ನು ನೇಮಕ ಮಾಡಿದ್ದು ಯಾರು, ಸಂಬಳ ಎಲ್ಲಿಂದ ಬರುತ್ತದೆ, ವರ್ಗ ಮಾಡೋ ಅಧಿಕಾರ ಯಾರಿಗಿದೆ, ಇದನ್ನು ತಿಳಿದುಕೊಳ್ಳಿ. ಇಷ್ಟು ಗೊತ್ತಾದರೆ ಯಾರ ಹತ್ತಿರ ಕೇಳಬೇಕು, ಯಾರ ಮೇಲೆ ದೂರು ಯಾರಿಗೆ ಕೊಡಬೇಕು, ನಿಮ್ಮ ಮಗನೋ ತಂಗಿಯೋ ಅಲ್ಲಿ ಕೆಲಸಕ್ಕೆ ಸೇರಬೇಕಂದ್ರೆ ಯಾವ ಬಾಗಿಲು ತಟ್ಟಬೇಕು ಎಲ್ಲಾ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಳ್ಳಾರಿಯನ್ನೇ ಮುಂದಿಟ್ಟುಕೊಂಡು ಬರೀತಿದ್ದೇನೆ. ಕೊಪ್ಪಳ, ರಾಯಚೂರಿನವರು ಅಲ್ಲಲ್ಲಿ ನಿಮ್ಮ ಊರಿಗೆ ಹೊಂದಿಸಿಕೊಳ್ಳಿ.

ಮೊದಲು ನಿಮ್ಮ ಊರಿನದು ಯಾವ ದರ್ಜೆ ನೋಡಿ

ಊರಿನ ಆಡಳಿತ ಸಂಸ್ಥೆ ಯಾವ ದರ್ಜೆ ಅನ್ನೋದು ಜನಸಂಖ್ಯೆ ಮೇಲೆ ನಿಂತಿದೆ. ಹತ್ತರಿಂದ ಇಪ್ಪತ್ತು ಸಾವಿರ ಇದ್ದರೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ಮೊದಲ ಮೂರಕ್ಕೂ 1964ರ ಪೌರಸಭೆಗಳ ಕಾಯ್ದೆ, ಪಾಲಿಕೆಗೆ 1976ರ ಬೇರೆಯೇ ಕಾಯ್ದೆ. ಬಳ್ಳಾರಿ 2004ರಲ್ಲಿ ನಗರಸಭೆಯಿಂದ ಪಾಲಿಕೆ ಆಯಿತು, 2011ರ ಜನಗಣತಿಯಲ್ಲಿ 4.10 ಲಕ್ಷ ಜನ. ರಾಯಚೂರು ಈಚೆಗಷ್ಟೇ ಪಾಲಿಕೆ ದರ್ಜೆಗೆ ಏರಿದೆ. ಕೊಪ್ಪಳ ಇನ್ನೂ ನಗರಸಭೆ.

ಇದು ಸುಮ್ನೆ ಬೋರ್ಡಿನ ಮೇಲಿನ ಹೆಸರಿನ ವಿಷಯ ಅಲ್ಲ. ದರ್ಜೆ ಬದಲಾದರೆ ಮೇಲಿನ ಅಧಿಕಾರಿ ಬದಲಾಗುತ್ತಾರೆ. ಪಟ್ಟಣ ಪಂಚಾಯಿತಿ, ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತ, ಪಾಲಿಕೆಯಲ್ಲಿ ಆಯುಕ್ತ. ಹುದ್ದೆಗಳ ಮಂಜೂರಾತಿ ಪಟ್ಟಿಯೂ ಬೇರೆ. ಕೊಪ್ಪಳದವರಿಗೆ ಇದು ಚೆನ್ನಾಗಿ ಗೊತ್ತಿರಬೇಕು: ಭಾಗ್ಯನಗರ ನೋಡೋದಕ್ಕೆ ಕೊಪ್ಪಳದ ಒಂದು ಬಡಾವಣೆ ಇದ್ದಂತೆ, ಆದರೆ ಅದಕ್ಕೆ ತನ್ನದೇ ಪಟ್ಟಣ ಪಂಚಾಯಿತಿ, ತನ್ನದೇ ಮುಖ್ಯಾಧಿಕಾರಿ. ಭಾಗ್ಯನಗರದ ಚರಂಡಿಗೆ ಕೊಪ್ಪಳದ ಪೌರಾಯುಕ್ತರ ಹತ್ತಿರ ಎಷ್ಟು ಜಗಳ ಆಡಿದರೂ ಅವರು ಕೈ ಎತ್ತುವುದಷ್ಟೇ.

ಇನ್ನೊಂದು ಎಡವಟ್ಟು ಬಳ್ಳಾರಿಯಲ್ಲಿ ಜಾಸ್ತಿ ನೋಡಿದ್ದೇನೆ. ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾ, ಪಾಲಿಕೆಯ ಒಂದು ವಿಭಾಗ ಅಂತ ತಿಳಿದವರು ಬಹಳ. ಅಲ್ಲ. ಲೇಔಟ್‌ಗೆ ಮಂಜೂರಾತಿ ಅವರದು, ಆ ಲೇಔಟ್ ಹಸ್ತಾಂತರ ಆದ ಮೇಲೆ ರಸ್ತೆ, ದೀಪ, ಕಸ ಪಾಲಿಕೆಯದು. ಹಸ್ತಾಂತರ ಆಗದ ಲೇಔಟ್‌ನಲ್ಲಿ ಸೈಟ್ ತಗೊಂಡವರು ಎರಡೂ ಆಫೀಸಿನ ಮಧ್ಯೆ ಚೆಂಡಾಗಿ ಓಡಾಡ್ತಾರೆ. ಅಂಥವರು ಮೊದಲು ಕೇಳಬೇಕಾದ ಕಾಗದ ಹಸ್ತಾಂತರ ಪತ್ರದ ನಕಲು. ಕರೆಂಟ್ ಜೆಸ್ಕಾಂದು. ದೊಡ್ಡ ನೀರಿನ ಯೋಜನೆ, ಒಳಚರಂಡಿ ಯೋಜನೆ ಕಟ್ಟೋದು ಹೆಚ್ಚಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಅಲ್ಲೀಪುರ ಕೆರೆಯಿಂದ ನಿಮ್ಮ ನಲ್ಲಿವರೆಗಿನ ದಾರಿಯಲ್ಲಿ ಪೈಪು ಎಲ್ಲಿ ಒಡೆದಿದೆ, ಆ ಪೈಪು ಇನ್ನೂ ಗುತ್ತಿಗೆದಾರನ ಕೈಯಲ್ಲಿದೆಯಾ ಪಾಲಿಕೆಗೆ ಬಂದಿದೆಯಾ ಅನ್ನೋದರ ಮೇಲೆ ಜವಾಬ್ದಾರಿ ಬದಲಾಗುತ್ತದೆ.

ಮೇಯರ್ ಹೇಳಿದರೆ ನೌಕರ ವರ್ಗ ಆಗ್ತಾನಾ?

ಆಗಲ್ಲ. ಬಳ್ಳಾರಿಯಲ್ಲಿ 39 ವಾರ್ಡು, 39 ಪಾಲಿಕೆ ಸದಸ್ಯರು. ಅವರ ಜೊತೆ ಸರ್ಕಾರ ನಾಮನಿರ್ದೇಶನ ಮಾಡಿದವರಿರುತ್ತಾರೆ, ಅವರಿಗೆ ಮತದಾನದ ಹಕ್ಕಿಲ್ಲ. ಎಂಎಲ್‌ಎ, ಎಂಪಿ ಕೂಡ ಸದಸ್ಯರೇ. ಮೇಯರ್ ಅವಧಿ ಒಂದೇ ವರ್ಷ. ಬಜೆಟ್ ಒಪ್ಪೋದು, ದರ ನಿಗದಿ, ಕಾಮಗಾರಿಗೆ ಅನುಮೋದನೆ ಎಲ್ಲಾ ಸಾಮಾನ್ಯ ಸಭೆಯಲ್ಲಿ, ಇಲ್ಲವೇ ನಾಲ್ಕು ಸ್ಥಾಯಿ ಸಮಿತಿಗಳಲ್ಲಿ. ಆದರೆ ಆ ತೀರ್ಮಾನವನ್ನು ಜಾರಿ ಮಾಡೋದು, ನೌಕರರಿಗೆ ಕೆಲಸ ಹಂಚೋದು, ಮೆಮೊ ಕೊಡೋದು ಆಯುಕ್ತರು. ಆಯುಕ್ತರನ್ನು ಕಳಿಸೋದು ರಾಜ್ಯ ಸರ್ಕಾರ. ಹಾಗಾಗಿ ಮೇಯರ್‌ಗೆ ಆಯುಕ್ತರ ಮೇಲೆ ಸಿಟ್ಟು ಬಂದರೆ ಸಭೆಯಲ್ಲಿ ಕೂಗಾಡಬಹುದು, ಸರ್ಕಾರಕ್ಕೆ ಬರೆಯಬಹುದು, ಅಷ್ಟೇ.

ಒಂದೇ ವರ್ಷದ ಮೇಯರ್ ಅನ್ನೋದು ನನ್ನ ಪ್ರಕಾರ ತಮಾಷೆಯ ವ್ಯವಸ್ಥೆ. ಫೈಲು ಎಲ್ಲಿದೆ ಅಂತ ಗೊತ್ತಾಗೋ ಹೊತ್ತಿಗೆ ಸನ್ಮಾನದ ಶಾಲು ಮಡಚಿಟ್ಟು ಮನೆಗೆ ಹೋಗಬೇಕು. ನಗರಸಭೆ ಅಧ್ಯಕ್ಷರಿಗಾದರೂ 30 ತಿಂಗಳು ಸಿಗುತ್ತದೆ.

ಆದ್ದರಿಂದ ಕಾರ್ಪೊರೇಟರ್ ಹತ್ತಿರ ಹೋಗೋದು ಯಾವುದಕ್ಕೆ ಅಂದರೆ, ವಾರ್ಡಿಗೆ ಹೊಸದಾಗಿ ಏನಾದರೂ ಆಗಬೇಕು ಅಂದಾಗ: ಸಿಸಿ ರಸ್ತೆ, ಹೊಸ ಬೋರ್‌ವೆಲ್, ಪಾರ್ಕು. ಇರೋ ಕೆಲಸ ಸರಿಯಾಗಿ ನಡೀತಿಲ್ಲ ಅಂದರೆ ಅಧಿಕಾರಿ ಕಡೆ ಹೋಗಿ. ಕಾರ್ಪೊರೇಟರ್ ಫೋನ್ ಮಾಡಿದರೆ ಕೆಲಸ ಬೇಗ ಆಗುತ್ತದೆ ಅನ್ನೋದು ನಿಜ, ಆದರೆ ಆ ಫೋನ್‌ಗೆ ದಾಖಲೆ ಇರಲ್ಲ.

ಒಂದೇ ಹಾಲ್‌ನಲ್ಲಿ ನಾಲ್ಕು ಥರದ ನೌಕರರು

ಇದೇ ಮುಖ್ಯವಾದ ಭಾಗ, ಸ್ವಲ್ಪ ನಿಧಾನಕ್ಕೆ ಓದಿ. ಒಂದೇ ಹಾಲ್‌ನಲ್ಲಿ, ಒಂದೇ ಥರದ ಟೇಬಲ್ ಹಾಕಿಕೊಂಡು ಕೂತವರ ಬೇರು ಬೇರೆ ಬೇರೆ ಕಡೆ ಇರುತ್ತದೆ.

ಮೊದಲನೆಯವರು ಸರ್ಕಾರ ನೇರವಾಗಿ ಕಳಿಸಿದವರು. ಆಯುಕ್ತರು ಕೆಎಎಸ್ ಆಗಿರಬಹುದು, ಅಥವಾ ಕರ್ನಾಟಕ ಪೌರಾಡಳಿತ ಸೇವೆಯವರು. ಈ ಪೌರಾಡಳಿತ ಸೇವೆ ಅನ್ನೋದು ಊರುಗಳ ಆಡಳಿತಕ್ಕೇ ಅಂತ ಇರೋ ವೃಂದ: ಮುಖ್ಯಾಧಿಕಾರಿಯಿಂದ ಶುರುವಾಗಿ ಪೌರಾಯುಕ್ತರವರೆಗೆ ಬಡ್ತಿಯ ಮೆಟ್ಟಿಲು. ಕುರುಗೋಡಿನಲ್ಲಿ ಮುಖ್ಯಾಧಿಕಾರಿ ಆಗಿದ್ದವರು ಮುಂದೆ ಸಿಂಧನೂರಿಗೋ ಗಂಗಾವತಿಗೋ ಪೌರಾಯುಕ್ತರಾಗಿ ಬರೋದು ಹೀಗೆ. ಇವರ ವರ್ಗಾವಣೆ ಪೂರ್ತಿ ಬೆಂಗಳೂರಿನದು. ಸ್ಥಳೀಯ ದೂರಿಗೆ ಇವರು ಅಲ್ಲಾಡೋದು ಕಡಿಮೆ. ಆದರೆ ಲೋಕಾಯುಕ್ತ, ಲೆಕ್ಕಪರಿಶೋಧನೆಯ ಆಕ್ಷೇಪಣೆ ಅಂದರೆ ಎಚ್ಚರ ಆಗ್ತಾರೆ.

ಎರಡನೆಯವರು ನಿಯೋಜನೆ ಮೇಲೆ ಬಂದವರು, ಅಂದರೆ ಡೆಪ್ಯುಟೇಷನ್. ಇವರಿಗೆ ತವರು ಇಲಾಖೆ ಒಂದು, ಕೂತಿರೋ ಜಾಗ ಒಂದು. ಇಂಜಿನಿಯರ್ ಲೋಕೋಪಯೋಗಿಯಿಂದ, ಆರೋಗ್ಯಾಧಿಕಾರಿ ಆರೋಗ್ಯ ಇಲಾಖೆಯಿಂದ, ನಗರ ಯೋಜನೆಯವರು ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ, ಲೆಕ್ಕಾಧಿಕಾರಿ ಲೆಕ್ಕಪತ್ರ ಇಲಾಖೆಯಿಂದ. ಅವಧಿ ಮುಗಿದರೆ ವಾಪಸ್. ನಡುವೆ ಮಾತೃ ಇಲಾಖೆ ಕರೆದರೂ ವಾಪಸ್. ಇಂಥವರು ಬದಲಾದರೆ ಕಟ್ಟಡ ಪರವಾನಗಿ ಫೈಲುಗಳು ತಿಂಗಳುಗಟ್ಟಲೆ ನಿಂತುಬಿಡುತ್ತವೆ. ಬೇರೆ ಊರಿನ ಅಧಿಕಾರಿಗೆ ಪ್ರಭಾರ ಕೊಡುತ್ತಾರೆ, ಅವರು ವಾರಕ್ಕೆ ಎರಡು ದಿನ ಬರುತ್ತಾರೆ. ಅದಕ್ಕೇ ಪರವಾನಗಿ ಕೆಲಸ ಇಟ್ಟುಕೊಂಡವರು ಹೋಗೋ ಮುಂಚೆ "ಸಾಹೇಬ್ರು ರೆಗ್ಯುಲರ್ರಾ, ಇನ್‌ಚಾರ್ಜಾ?" ಅಂತ ಕೇಳಿಬಿಡಿ. ಇನ್‌ಚಾರ್ಜ್ ಆದರೆ ಯಾವ ಯಾವ ದಿನ ಬರುತ್ತಾರೆ ಅಂತ ಕೇಳಿ. ಗುಮಾಸ್ತರು ಇದನ್ನು ಬೇಜಾರಿಲ್ಲದೆ ಹೇಳ್ತಾರೆ.

ಮೂರನೆಯವರು ಪಾಲಿಕೆಯ ಕಾಯಂ ನೌಕರರು. ನಿಜ ಹೇಳಬೇಕಂದ್ರೆ ಆಫೀಸು ನಡೆಸೋದು ಇವರೇ. ಮ್ಯಾನೇಜರ್, ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು, ಕಂದಾಯ ನಿರೀಕ್ಷಕರು, ಬಿಲ್ ಕಲೆಕ್ಟರ್‌ಗಳು, ಕಿರಿಯ ಇಂಜಿನಿಯರ್, ಪರಿಸರ ಇಂಜಿನಿಯರ್, ಆರೋಗ್ಯ ನಿರೀಕ್ಷಕರು, ಸಮುದಾಯ ಸಂಘಟಕರು. ಆಯುಕ್ತರು ಎರಡು ವರ್ಷಕ್ಕೆ ಬದಲಾಗಬಹುದು, ಆದರೆ ಬ್ರೂಸ್‌ಪೇಟೆಯ ಯಾವ ಮನೆ ಯಾರ ಹೆಸರಿಂದ ಯಾರ ಹೆಸರಿಗೆ ಹೋಯಿತು ಅನ್ನೋದು ಹಳೇ ಬಿಲ್ ಕಲೆಕ್ಟರ್‌ಗೆ ಬಾಯಿಪಾಠ. ಇವರನ್ನು ಒಂದು ವಿಭಾಗದಿಂದ ಇನ್ನೊಂದು ವಿಭಾಗಕ್ಕೆ ಹಾಕೋದು ಆಯುಕ್ತರ ಕೈಯಲ್ಲೇ ಇದೆ. ಹಾಗಾಗಿ ಇವರ ಮೇಲಿನ ದೂರು ಆಯುಕ್ತರಿಗೆ ಕೊಟ್ಟರೆ ಅರ್ಥ ಇದೆ, ಬೆಂಗಳೂರಿಗೆ ಬರೆಯೋ ಅಗತ್ಯ ಇಲ್ಲ. ನಗರಸಭೆ, ಪುರಸಭೆಗಳಲ್ಲಾದರೆ ಪೌರಾಡಳಿತ ನಿರ್ದೇಶನಾಲಯದ ಹಿಡಿತ ಜಾಸ್ತಿ, ಜಿಲ್ಲಾಧಿಕಾರಿ ಆಫೀಸಿನಲ್ಲಿ ಜಿಲ್ಲಾ ನಗರಾಭಿವೃದ್ಧಿ ಕೋಶ ಅಂತ ಇರುತ್ತದೆ, ಅಲ್ಲಿನ ಯೋಜನಾ ನಿರ್ದೇಶಕರು ಇವುಗಳನ್ನೆಲ್ಲಾ ನೋಡಿಕೊಳ್ಳುತ್ತಾರೆ. ಕೊಪ್ಪಳದವರು ಪೌರಾಯುಕ್ತರ ಮೇಲಿನ ಮೆಟ್ಟಿಲು ಹುಡುಕುತ್ತಿದ್ದರೆ ಅದು ಇದೇ.

ಅಂದಹಾಗೆ ಡಿಸಿ ಅಂದರೆ ನಮ್ಮ ಕಡೆ ಜಿಲ್ಲಾಧಿಕಾರಿ. ಪಾಲಿಕೆಯಲ್ಲೂ ಉಪ ಆಯುಕ್ತರು ಅಂತ ಬೇರೆ ಇದ್ದಾರೆ. ಅರ್ಜಿಯ ಮೇಲೆ ಯಾರಿಗೆ ಅಂತ ಪೂರ್ತಿ ಹುದ್ದೆ ಬರೆಯಿರಿ. ಇಲ್ಲದಿದ್ದರೆ ಕಾಗದ ಊರೆಲ್ಲ ಸುತ್ತಿ ಬರುತ್ತದೆ.

ನಾಲ್ಕನೆಯವರು ಹೊರಗುತ್ತಿಗೆಯವರು. ಕಂಪ್ಯೂಟರ್ ಮುಂದೆ ಕೂತ ಹುಡುಗಿ, ಕಸದ ಆಟೋ ಓಡಿಸೋ ಹುಡುಗ, ಲೋಡರ್, ಎಷ್ಟೋ ಕಡೆ ನೀರು ಬಿಡೋ ವಾಲ್ವ್‌ಮನ್ ಕೂಡ. ಇವರನ್ನು ಪಾಲಿಕೆ ನೇಮಿಸಿಲ್ಲ, ಟೆಂಡರ್ ಹಿಡಿದ ಏಜೆನ್ಸಿ ನೇಮಿಸಿದೆ. ಪಾಲಿಕೆ ಏಜೆನ್ಸಿಗೆ ದುಡ್ಡು ಕೊಡುತ್ತದೆ, ಏಜೆನ್ಸಿ ಇವರಿಗೆ ಕೊಡಬೇಕು. ಸಂಬಳ ತಡ ಆಗೋದು ಹೆಚ್ಚಾಗಿ ಇಲ್ಲೇ. ನಿಮ್ಮ ಬೀದಿಗೆ ಮೂರು ದಿನದಿಂದ ಕಸದ ಗಾಡಿ ಬಂದಿಲ್ಲ ಅಂದರೆ ಆ ಡ್ರೈವರ್ ಮೇಲೆ ರೇಗಾಡಿ ಪ್ರಯೋಜನ ಇಲ್ಲ, ಅವನಿಗೆ ಡೀಸೆಲ್ ಬಂದಿರಲಿಕ್ಕಿಲ್ಲ. ಆ ವಾರ್ಡಿನ ಆರೋಗ್ಯ ನಿರೀಕ್ಷಕರ ನಂಬರ್ ಇಸಿದುಕೊಳ್ಳಿ. ಅವರು ಕಾಯಂ ನೌಕರ, ದಿನದ ವರದಿಗೆ ಸಹಿ ಅವರದು, ಉತ್ತರ ಕೊಡಬೇಕಾದವರೂ ಅವರೇ.

ಒಂದು ಖಾತೆ ಫೈಲಿನ ಹಿಂದೆ ಹೋಗಿ ನೋಡೋಣ

ಹೀಗೆ ಬೇರೆ ಬೇರೆ ಥರದವರು ಒಂದೇ ಕೆಲಸದಲ್ಲಿ ಹೇಗೆ ಸಾಲಾಗಿ ನಿಲ್ಲುತ್ತಾರೆ ಅಂತ ನೋಡೋದಕ್ಕೆ ಖಾತೆ ಬದಲಾವಣೆಗಿಂತ ಒಳ್ಳೇ ಉದಾಹರಣೆ ಇಲ್ಲ. ಗಾಂಧಿನಗರದಲ್ಲಿ ತೀರಿಕೊಂಡ ಅಪ್ಪನ ಹೆಸರಿನ ಮನೆ ಮಗಳ ಹೆಸರಿಗೆ ಆಗಬೇಕು ಅಂದುಕೊಳ್ಳಿ. ಅರ್ಜಿ, ವಂಶವೃಕ್ಷ, ಮರಣ ಪ್ರಮಾಣಪತ್ರ, ತೆರಿಗೆ ರಸೀದಿ ಎಲ್ಲಾ ಕೊಟ್ಟಾಯಿತು. ಕಂಪ್ಯೂಟರ್‌ಗೆ ಏರಿಸೋದು ಡೇಟಾ ಎಂಟ್ರಿ ಆಪರೇಟರ್, ಬಹುತೇಕ ಹೊರಗುತ್ತಿಗೆ. ಅಲ್ಲಿ ಹೆಸರಿನ ಒತ್ತಕ್ಷರ ತಪ್ಪಾದರೆ ಮುಂದೆಲ್ಲಾ ತಪ್ಪೇ, ಅದಕ್ಕೆ ಅವರು ಟೈಪ್ ಮಾಡುವಾಗಲೇ ಸ್ಕ್ರೀನ್ ಕಡೆ ಒಮ್ಮೆ ಬಗ್ಗಿ ನೋಡಿ, ನಾಚಿಕೆ ಬೇಡ. ಆಮೇಲೆ ವಿಷಯ ನಿರ್ವಾಹಕರು, ಕಾಯಂ ನೌಕರರು. ಕಾಗದ ಪರಿಶೀಲಿಸಿ ಟಿಪ್ಪಣಿ ಬರೆಯೋದು ಇವರು. ಆಮೇಲೆ ಬಿಲ್ ಕಲೆಕ್ಟರ್ ಮನೆ ನೋಡಿಕೊಂಡು ವರದಿ ಕೊಡಬೇಕು. ಅಲ್ಲಿಂದ ಕಂದಾಯ ನಿರೀಕ್ಷಕರು, ಅವರ ಮೇಲೆ ಕಂದಾಯ ಅಧಿಕಾರಿ, ಕೊನೆಗೆ ಒಪ್ಪಿಗೆ. ಆಗ ನಿಮ್ಮ ಕೈಗೆ ಹೊಸ ಖಾತೆಯ ಕಾಗದ ಬರುತ್ತದೆ.

ಈಗ ಕೌಂಟರ್‌ನಲ್ಲಿ ನಡೆಯೋ ಮಾತು ಕೇಳಿ.

"ಮೇಡಂ, ನಮ್ಮ ಫೈಲ್ ಏನಾಯ್ತು?"

"ಪ್ರೊಸೆಸ್‌ನಲ್ಲಿದೆ ನೋಡಿ, ಮುಂದಿನ ವಾರ ಬನ್ನಿ."

ಇದಕ್ಕೆ ತಲೆ ಆಡಿಸಿ ವಾಪಸ್ ಬಂದರೆ ಮುಂದಿನ ವಾರವೂ ಇದೇ ಮಾತು. ಬದಲಿಗೆ ಹೀಗೆ ಕೇಳಿ: "ಈಗ ಯಾರ ಲಾಗಿನ್‌ನಲ್ಲಿದೆ ಮೇಡಂ? ಅಲ್ಲಿಗೆ ಯಾವತ್ತು ಹೋಯ್ತು?" ಇ-ಆಸ್ತಿ, ಅಂದರೆ ಆಸ್ತಿ ದಾಖಲೆಯ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಫೈಲು ಯಾರ ಲಾಗಿನ್‌ನಲ್ಲಿ ಕೂತಿದೆ ಅಂತ ಸ್ಕ್ರೀನ್ ಮೇಲೆ ಕಾಣುತ್ತದೆ. "ಆರ್‌ಐ ಲಾಗಿನ್‌ನಲ್ಲಿದೆ" ಅಂದರೆ ನೇರ ಕಂದಾಯ ನಿರೀಕ್ಷಕರ ಹತ್ತಿರ ಹೋಗಿ. ಅವರು "ಬಿಲ್ ಕಲೆಕ್ಟರ್ ವರದಿ ಬಂದಿಲ್ಲ" ಅಂದರೆ ಬಿಲ್ ಕಲೆಕ್ಟರ್‌ಗೆ ಫೋನ್ ಮಾಡಿ ಮನೆಗೆ ಕರೆಯಿರಿ. ಹೆಚ್ಚಿನ ಫೈಲು ನಿಲ್ಲೋದು ಈ ಸ್ಥಳ ಪರಿಶೀಲನೆಯಲ್ಲೇ. ಒಬ್ಬ ಬಿಲ್ ಕಲೆಕ್ಟರ್‌ಗೆ ಎರಡು ಮೂರು ವಾರ್ಡು ಹಚ್ಚಿರುತ್ತಾರೆ, ಏಪ್ರಿಲ್ ತಿಂಗಳಲ್ಲಂತೂ ಶೇ 5 ರಿಯಾಯಿತಿಗೆ ತೆರಿಗೆ ಕಟ್ಟೋರ ಗದ್ದಲ. ಆ ತಿಂಗಳು ಬಿಟ್ಟು ಅರ್ಜಿ ಹಾಕಿದರೆ ನಿಮಗೂ ನೆಮ್ಮದಿ, ಅವರಿಗೂ.

ಮತ್ತೆ, ಅರ್ಜಿ ಕೊಡುವಾಗ ಸಕಾಲ (ಗಡುವಿನ ಒಳಗೆ ಸೇವೆ ಕೊಡಬೇಕು ಅನ್ನೋ ರಾಜ್ಯದ ವ್ಯವಸ್ಥೆ) ಸ್ವೀಕೃತಿ ಇಸಿದುಕೊಳ್ಳೋದು ಮರೆಯಬೇಡಿ. 15 ಅಂಕಿಯ ನಂಬರ್ ಇರುತ್ತದೆ. ಸಕಾಲ ಅಡಿ ಬರೋ ಸೇವೆಗೆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ದುಡ್ಡು ದೊಡ್ಡದಲ್ಲ. ಆದರೆ ಮೇಲ್ಮನವಿ ಹೋದರೆ ಆ ನೌಕರರು ವಿವರಣೆ ಬರೆಯಬೇಕು, ಅದು ಯಾರಿಗೂ ಇಷ್ಟ ಇಲ್ಲ. "ಸುಮ್ನೆ ಬಿಡಿ, ನಾನೇ ಮಾಡಿಕೊಡ್ತೀನಿ, ಸಕಾಲ ಯಾಕೆ" ಅಂತ ಯಾರಾದರೂ ಪ್ರೀತಿಯಿಂದ ಹೇಳಿದರೆ ಅಲ್ಲೇ ಹುಷಾರಾಗಿ.

ಬೆಳಗಿನ ಆರು ಗಂಟೆಯ ಪಾಲಿಕೆ

ಆಫೀಸು ಹತ್ತಕ್ಕೆ ತೆರೆಯುತ್ತದೆ, ಆದರೆ ಪಾಲಿಕೆಯ ಅತಿ ದೊಡ್ಡ ಸಿಬ್ಬಂದಿ ಬೆಳಗಿನ ಆರಕ್ಕೇ ಹಾಜರಿ ಹಾಕಿ ಬೀದಿಗೆ ಇಳಿದಿರುತ್ತಾರೆ. ಪೌರಕಾರ್ಮಿಕರು. ಮೋತಿ ಸರ್ಕಲ್ ಕಡೆ, ಕೌಲ್ ಬಜಾರ್ ಕಡೆ ಬೆಳಗ್ಗೆ ಬೇಗ ಓಡಾಡಿದವರಿಗೆ ಗೊತ್ತು: ಮೇಸ್ತ್ರಿ ಹಾಜರಿ ನೋಡ್ತಾ ಇರುತ್ತಾರೆ, ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಉದ್ದ ಪೊರಕೆ ಹಿಡಿದಿರುತ್ತಾರೆ, ಯಾವ ಗಲ್ಲಿಗೆ ಯಾರು ಅಂತ ಹಂಚಿಕೆ ಆಗುತ್ತದೆ. ಮೇಸ್ತ್ರಿ ಮೇಲೆ ಕಿರಿಯ ಆರೋಗ್ಯ ನಿರೀಕ್ಷಕ, ಅವರ ಮೇಲೆ ಹಿರಿಯ ಆರೋಗ್ಯ ನಿರೀಕ್ಷಕ, ಅಲ್ಲಿಂದ ಪರಿಸರ ಇಂಜಿನಿಯರ್ ಮತ್ತು ಆರೋಗ್ಯಾಧಿಕಾರಿ. ನಿಮ್ಮ ಬೀದಿ ಗುಡಿಸದಿದ್ದರೆ ಹತ್ತು ಗಂಟೆಗೆ ಆಫೀಸಿಗೆ ಹೋಗೋದಕ್ಕಿಂತ ಆರೂವರೆಗೆ ಹಾಜರಿ ಜಾಗಕ್ಕೆ ಹೋಗಿ ಮೇಸ್ತ್ರಿಯನ್ನು ಮಾತಾಡಿಸಿ. ಅವತ್ತೇ ಕೆಲಸ ಆಗುತ್ತದೆ.

ರಾಜ್ಯದ ಲೆಕ್ಕ 700 ಜನಕ್ಕೆ ಒಬ್ಬ ಪೌರಕಾರ್ಮಿಕ. ಬಳ್ಳಾರಿಯ 2011ರ ಜನಸಂಖ್ಯೆಯನ್ನು ಭಾಗಿಸಿದರೆ 586 ಬರುತ್ತದೆ. ಅಲ್ಲಿಂದ ಇಲ್ಲಿಗೆ ಊರು ಎಷ್ಟು ಬೆಳೆದಿದೆ ಅಂತ ನೋಡೋದಕ್ಕೆ ಬೆಂಗಳೂರು ರಸ್ತೆಯಲ್ಲಿ ಒಂದು ಸುತ್ತು ಹೋದರೆ ಸಾಕು. ಹಳೇ ಜನಗಣತಿ ಇಟ್ಟುಕೊಂಡು ಹೊಸ ಊರು ಗುಡಿಸೋದು ಅಂದರೆ ಯಾರ ಮೈ ಸವೆಯುತ್ತದೆ ಹೇಳಿ.

ಹಿಂದೆ ಇವರಲ್ಲಿ ಎಷ್ಟೋ ಜನ ಗುತ್ತಿಗೆದಾರರ ಕೈಕೆಳಗೆ ಇದ್ದರು. ಆಮೇಲೆ ನೇರ ವೇತನ ಪಾವತಿ ಬಂತು, ಅಂದರೆ ನಡುವೆ ಗುತ್ತಿಗೆದಾರ ಇಲ್ಲದೆ ಬ್ಯಾಂಕ್ ಖಾತೆಗೇ ಹಣ. 2022ರ ಮುಷ್ಕರದ ನಂತರ ರಾಜ್ಯದಲ್ಲಿ 11,133 ಜನರನ್ನು ಕಾಯಂ ಮಾಡೋ ತೀರ್ಮಾನ ಆಯಿತು. ಆದರೆ ಪೊರಕೆ ಹಿಡಿದವರಿಗೆ ಸಿಕ್ಕಿದ್ದು ಸ್ಟೀರಿಂಗ್ ಹಿಡಿದವರಿಗೆ ಸಿಕ್ಕಿಲ್ಲ. ಡ್ರೈವರ್, ಲೋಡರ್, ಒಳಚರಂಡಿ ಕೆಲಸದವರು ಎಷ್ಟೋ ಜನ ಇನ್ನೂ ಹೊರಗುತ್ತಿಗೆ ಇಲ್ಲವೇ ಬೇರೆ ಲೆಕ್ಕದಲ್ಲೇ ಇದ್ದಾರೆ. ಒಂದೇ ಗಾಡಿಯ ಮುಂದೆ ಕೂತವರು, ಹಿಂದೆ ನಿಂತವರು ಬೇರೆ ಬೇರೆ ಸಂಬಳದವರು. ನನಗೆ ಇದು ಸರಿ ಕಾಣಲ್ಲ. ಇನ್ನೊಂದು ಮಾತು: ಮ್ಯಾನ್‌ಹೋಲ್ ಕಟ್ಟಿಕೊಂಡರೆ ಸಕ್ಕಿಂಗ್ ಮಷಿನ್ ಕಳಿಸಿ ಅಂತಲೇ ಕೇಳಿ. ಯಾರನ್ನಾದರೂ ಕರೆದು ದುಡ್ಡು ಕೊಟ್ಟು ಒಳಗೆ ಇಳಿಸೋದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ.

ಈ ಕೆಲಸಕ್ಕೆ ಸೇರಬೇಕಂದ್ರೆ

ಇಲ್ಲೂ ಮೊದಲಿನ ಪ್ರಶ್ನೆಯೇ: ನೇಮಕ ಯಾರದು? ಪಾಲಿಕೆ ಆಫೀಸಿನಲ್ಲಿ "ಕೆಲಸ ಖಾಲಿ ಇದೆಯಾ ಸರ್" ಅಂತ ಕೇಳಿ ಉಪಯೋಗ ಇಲ್ಲ, ಕಾಯಂ ಹುದ್ದೆಗೆ ಅರ್ಜಿ ತಗೊಳ್ಳೋದು ಅವರಲ್ಲ. ಹೆಚ್ಚಿನವು ಕೆಪಿಎಸ್‌ಸಿ, ಅಂದರೆ ಕರ್ನಾಟಕ ಲೋಕಸೇವಾ ಆಯೋಗದ ಮೂಲಕ. ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ, ಅಂದರೆ ನಾವೆಲ್ಲಾ ಕೆಎಎಸ್ ಅನ್ನೋದು, ಅದರಲ್ಲಿ ಪೌರಾಡಳಿತದ ಹುದ್ದೆಗಳೂ ಇರುತ್ತವೆ. ಕಿರಿಯ ಇಂಜಿನಿಯರ್, ಕಿರಿಯ ಆರೋಗ್ಯ ನಿರೀಕ್ಷಕ, ನೀರು ಸರಬರಾಜು ಆಪರೇಟರ್ ಇಂಥವು ಗ್ರೂಪ್ ಸಿ ಅಧಿಸೂಚನೆಯಲ್ಲಿ ಬರುತ್ತವೆ. ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ, ಎಫ್‌ಡಿಎಗೆ (ಪ್ರಥಮ ದರ್ಜೆ) ಡಿಗ್ರಿ. ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ಎಸ್‌ಡಿಎ ಮೂಲ ವೇತನ 34,100 ರೂಪಾಯಿಂದ ಶುರು, ಎಫ್‌ಡಿಎ 44,425. ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕಕ್ಕೆ, 50 ಬಂದರೆ ಪಾಸು. ಇದನ್ನು ಹಗುರ ಮಾಡಿ ಕೂತು ಎಡವಿದವರು ಗಡಿ ಭಾಗದಲ್ಲಿ, ಮನೆಯಲ್ಲಿ ತೆಲುಗು, ಉರ್ದು ಮಾತಾಡೋರಲ್ಲಿ ಇದ್ದಾರೆ.

ನಮ್ಮ ಭಾಗದವರು ಅಧಿಸೂಚನೆ ಓದುವಾಗ ಮೊದಲು ನೋಡಬೇಕಾದ್ದು ಹುದ್ದೆಗಳ ಪಟ್ಟಿ ಎರಡು ತುಂಡಾಗಿರೋದನ್ನು. ಒಂದು "ಉಳಿಕೆ ಮೂಲ ವೃಂದ", ಅಂದರೆ ರಾಜ್ಯದ ಉಳಿದ ಭಾಗದ್ದು, ಇನ್ನೊಂದು "ಹೈ.ಕ." ಅಂತ ಇರುತ್ತದೆ. ಹೈದರಾಬಾದ್ ಕರ್ನಾಟಕ ಅನ್ನೋದು 2019ರಲ್ಲಿ ಕಲ್ಯಾಣ ಕರ್ನಾಟಕ ಆದರೂ ಕಾಗದದಲ್ಲಿ ಹಳೇ ಹೆಸರು ಹೋಗಿಲ್ಲ. ಸಂವಿಧಾನದ 371ಜೆ ವಿಧಿ ಪ್ರಕಾರ ಈ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80, ಗ್ರೂಪ್ ಡಿಗೆ ಶೇ 85 ಸ್ಥಳೀಯರಿಗೆ. ರಾಜ್ಯ ಮಟ್ಟದ ಕಚೇರಿಗಳಲ್ಲೂ ಶೇ 8 ಇದೆ. ಎಂಥ ಅವಕಾಶ ಅಲ್ವಾ? ಆದರೂ ಎಷ್ಟೋ ಮಕ್ಕಳು ತಾವು ಈ ಭಾಗದವರು ಅನ್ನೋ ಪ್ರಮಾಣಪತ್ರ ಇಲ್ಲದೆ ಸಾಮಾನ್ಯ ಪಟ್ಟಿಯಲ್ಲೇ ಒದ್ದಾಡ್ತಾರೆ.

ಆ ಪ್ರಮಾಣಪತ್ರ ಕೊಡೋದು ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು, ತಹಶೀಲ್ದಾರ್ ಅಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಹತ್ತು ವರ್ಷ ಇಲ್ಲಿ ವಾಸ ಇದ್ದಿರಬೇಕು, ಅಥವಾ ಅಂಥವರ ಮಕ್ಕಳಾಗಿರಬೇಕು. ಶಾಲೆಯ ದಾಖಲೆ, ರೇಷನ್ ಕಾರ್ಡ್, ತಂದೆ ತಾಯಿಯ ಕಾಗದ ಜೋಡಿಸಿಕೊಂಡು ಹೋಗಿ. ಅಧಿಸೂಚನೆ ಬಂದ ಮೇಲೆ ಓಡಬೇಡಿ, ಆಗ ಅಲ್ಲಿ ಜಾತ್ರೆ. ಪಿಯುಸಿ ಮುಗಿದ ರಜೆಯಲ್ಲೇ ಮಾಡಿಸಿಟ್ಟುಬಿಡಿ. ಜೊತೆಗೆ ಗ್ರಾಮೀಣ ಮೀಸಲು ಶೇ 25, ಕನ್ನಡ ಮಾಧ್ಯಮ ಶೇ 5, ಇವಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲು ಸಹಿ ಬೇಕು. ಮೋಕಾದಲ್ಲೋ ಕಾರಟಗಿ ಪಕ್ಕದ ಹಳ್ಳಿಯಲ್ಲೋ ಓದಿದವರಿಗೆ ಇವೆರಡೂ ಸಿಗಬಹುದು. ಮಹಿಳೆಯರಿಗೆ ಶೇ 33 ಅಂತೂ ಇದ್ದೇ ಇದೆ.

ಸೇರಿದ ಮೇಲೆ ಎರಡು ವರ್ಷ ಪ್ರೊಬೇಷನ್. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ, ಇಲಾಖಾ ಪರೀಕ್ಷೆ ಪಾಸಾಗದಿದ್ದರೆ ಬಡ್ತಿ ತಡೆದುಹೋಗುತ್ತದೆ. ಪ್ರತಿ ವರ್ಷ ಜ್ಯೇಷ್ಠತಾ ಪಟ್ಟಿ ಬಂದಾಗ ನಿಮ್ಮ ಹೆಸರು ಸರಿ ಇದೆಯಾ ನೋಡಿ, ಕರಡು ಪಟ್ಟಿಗೆ ಆಕ್ಷೇಪಣೆ ಹಾಕದೆ ಆಮೇಲೆ ಅತ್ತರೆ ಯಾರೂ ಕೇಳಲ್ಲ. 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ.

ಅನುಕಂಪದ ನೌಕರಿ ಬಗ್ಗೆ ಒಂದೇ ಮಾತು. ಸೇವೆಯಲ್ಲಿದ್ದಾಗ ನೌಕರ ತೀರಿಕೊಂಡರೆ ಮನೆಯವರು ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು. ಮನೆಯಲ್ಲಿ ದುಃಖ, ಮೈದುನ ನಾದಿನಿಯರ ನಡುವೆ ಯಾರಿಗೆ ಕೆಲಸ ಅನ್ನೋ ಎಳೆದಾಟ, ಇದರಲ್ಲೇ ವರ್ಷ ಕಳೆದುಬಿಡುತ್ತದೆ. ಜಗಳ ಆಮೇಲೆ ಆಡಿ, ಅರ್ಜಿ ಮೊದಲು ಹಾಕಿ.

ಹೊರಗುತ್ತಿಗೆಗೆ ಸೇರೋದಾದರೆ "ಮುಂದೆ ಪರ್ಮನೆಂಟ್ ಮಾಡಿಸ್ತೀವಿ" ಅಂತ ದುಡ್ಡು ಕೇಳೋರನ್ನು ನಂಬಬೇಡಿ. ಏಜೆನ್ಸಿಗೆ ಕಾಯಂ ಮಾಡೋ ಅಧಿಕಾರವೇ ಇಲ್ಲ. ಪಿಎಫ್ ನಂಬರ್, ಇಎಸ್‌ಐ ಕಾರ್ಡ್ ಕೇಳಿ ಇಸಿದುಕೊಳ್ಳಿ. ಸಂಬಳದಲ್ಲಿ ಮುರಿದ ಹಣ ನಿಜವಾಗಿ ಜಮಾ ಆಗಿದೆಯಾ ಅಂತ ಮೊಬೈಲ್‌ನಲ್ಲೇ ನೋಡಬಹುದು.

ಎಷ್ಟು ಕುರ್ಚಿ ಖಾಲಿ ಅಂತ ಕೇಳೋದು ಹೇಗೆ

"ಸಿಬ್ಬಂದಿ ಕೊರತೆ ಇದೆ ರೀ" ಅನ್ನೋದು ಎಲ್ಲಾ ಆಫೀಸಿನ ಸಿದ್ಧ ಉತ್ತರ. ನಿಜವೂ ಇರುತ್ತದೆ. ಆದರೆ ಎಷ್ಟು ಕೊರತೆ, ಯಾವ ವಿಭಾಗದಲ್ಲಿ ಅಂತ ಗೊತ್ತಾದರೆ ನಿಮ್ಮ ವಾರ್ಡಿನ ಕಾರ್ಪೊರೇಟರ್ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಅಧಿಕಾರಿಗಳ ಪಟ್ಟಿ, ಅವರ ಅಧಿಕಾರ, ತಿಂಗಳ ಸಂಬಳ ಎಲ್ಲಾ ಯಾರೂ ಕೇಳದೆಯೇ ಪ್ರಕಟಿಸಬೇಕು. ಮೊದಲು ಅದನ್ನೇ ತೋರಿಸಿ ಅನ್ನಿ. ಹಳೇದಿದ್ದರೆ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹೀಗೆ ಬರೆದರೆ ಸಾಕು:

"ಕಳೆದ ಮಾರ್ಚ್ 31ಕ್ಕೆ ಇದ್ದಂತೆ ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ವೃಂದವಾರು ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳ ಪಟ್ಟಿ, ಭರ್ತಿಯಾದವರಲ್ಲಿ ಕಾಯಂ, ನಿಯೋಜನೆ, ಪ್ರಭಾರ ಮತ್ತು ಹೊರಗುತ್ತಿಗೆ ಎಷ್ಟು ಎಂಬ ವಿವರ, ಹಾಗೂ ಹೊರಗುತ್ತಿಗೆ ಏಜೆನ್ಸಿಗೆ ಕೊಟ್ಟ ಕಾರ್ಯಾದೇಶದ ನಕಲನ್ನು ಒದಗಿಸಬೇಕಾಗಿ ಕೋರಿಕೆ."

"ಯಾಕೆ ಭರ್ತಿ ಮಾಡಿಲ್ಲ" ಅಂತ ಬರೆಯಬೇಡಿ. ಯಾಕೆ ಅನ್ನೋದಕ್ಕೆ ದಾಖಲೆ ಇರಲ್ಲ, ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದ ಒಳಗೆ ಅದೇ ಆಫೀಸಿನ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅದಕ್ಕೂ ಜಗ್ಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ಬರೀ ದೂರು ದಾಖಲಿಸೋದಾದರೆ ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಫೋನ್ ಮಾಡಿ, ಅವರು ಕೊಡೋ ನಂಬರ್ ಬರೆದಿಟ್ಟುಕೊಳ್ಳಿ.